ಕರ್ಸರ್ ಎಲ್ಲಿ, ಅಂಚು ಎಲ್ಲಿ: ಒಂದು ದುಂಡು ಲಾಂಛನದ ಪ್ರಕರಣ

ಹಳೆಯ ಲೆಟರ್‌ಹೆಡ್‌ ಮೇಲೆ ಅಚ್ಚಾಗಿರುವ ದುಂಡು ಲಾಂಛನವನ್ನು ಬ್ಯಾನರಿಗಾಗಿ ಹೊಸದಾಗಿ ಬಿಡಿಸಿಕೊಡಬೇಕು. ಡಿಟಿಪಿ ಅಂಗಡಿಗಳಿಗೆ ಮತ್ತೆ ಮತ್ತೆ ಬರುವ ಕೆಲಸ ಇದು. ಯುವಕ ಸಂಘದ್ದಾಗಲಿ, ಹಳೆ ವಿದ್ಯಾರ್ಥಿಗಳ ಬಳಗದ್ದಾಗಲಿ, ಮೂಲ ಫೈಲು ಎಂದೋ ಕಳೆದುಹೋಗಿರುತ್ತದೆ. ಕೈಗೆ ಸಿಗುವುದು ಮಡಿಕೆ ಬಿದ್ದ ಒಂದು ಹಾಳೆ ಮಾತ್ರ.

ಈ ಪ್ರಕರಣದ ಅಳತೆಗಳು ಇವು. ಲಾಂಛನದ ಹೊರ ವ್ಯಾಸ 38 ಮಿ.ಮೀ., ಅಂದರೆ ತ್ರಿಜ್ಯ 19 ಮಿ.ಮೀ. ಹೊರಗಿನ ಉಂಗುರದ ಶಾಯಿಯ ದಪ್ಪ 1.2 ಮಿ.ಮೀ. ಸ್ಕ್ಯಾನ್ ಮಾಡಿದ್ದು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ), ಆದ್ದರಿಂದ ವ್ಯಾಸ ಸುಮಾರು 449 ಪಿಕ್ಸೆಲ್. ಬ್ಯಾನರ್ ಮೇಲೆ ಅದು ಸುಮಾರು ಎರಡೂವರೆ ಅಡಿ, 760 ಮಿ.ಮೀ. ಆಗಬೇಕು. ಸರಿಯಾಗಿ 20 ಪಟ್ಟು. ಹಾಗಾಗಿ ಲಾಂಛನದ ಮೂಲ ಅಳತೆಯಲ್ಲಿ ಅರ್ಧ ಮಿ.ಮೀ. ತಪ್ಪಿದರೆ ಬ್ಯಾನರ್ ಮೇಲೆ ಅದು ಒಂದು ಸೆಂಟಿಮೀಟರ್. ಉಂಗುರದೊಳಗೆ ಸುತ್ತಿಕೊಂಡಿರುವ ಅಕ್ಷರಗಳು ಒಂದು ಕಡೆ ಅಂಚಿಗೆ ಒತ್ತಿ, ಇನ್ನೊಂದು ಕಡೆ ದೂರ ಸರಿದು ನಿಂತಿದ್ದು ರಸ್ತೆಯ ಆಚೆಯಿಂದಲೂ ಕಾಣುತ್ತದೆ.

ಬಳಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್. ಎಫ್5 ಒತ್ತಿದರೆ ವೃತ್ತ, ದೀರ್ಘವೃತ್ತ ಬಿಡಿಸುವ ಎಲಿಪ್ಸ್ ಟೂಲ್ ಬರುತ್ತದೆ. ಸ್ಕ್ಯಾನಿನ ಮೇಲೆ ಒಂದು ವೃತ್ತ ಎಳೆದರೆ ಮುಗಿಯಿತು ಎನ್ನಿಸುತ್ತದೆ. ಆದರೆ ಎಳೆದ ವೃತ್ತ ಉಂಗುರದ ಮೇಲೆ ಕೂರುವುದೇ ಇಲ್ಲ.

ಮೊದಲ ಎಳೆತ

ಯಾರಿಗಾದರೂ ಸಹಜವಾಗಿ ತೋಚುವುದು ಹೀಗೆ: ಉಂಗುರದ ಎಡಮೇಲಿನ ಅಂಚಿನ ಮೇಲೆ ಕರ್ಸರ್ ಇಟ್ಟು ಒತ್ತಿ, ಬಲಕೆಳಗಿನ ಅಂಚಿನವರೆಗೆ ಓರೆಯಾಗಿ ಎಳೆದು ಬಿಡುವುದು. ಕಂಟ್ರೋಲ್ ಕೀಲಿ ಹಿಡಿದಿದ್ದರೆ ಬರುವುದು ಪೂರ್ಣ ವೃತ್ತವೇ. ಆದರೆ ಅದರ ವ್ಯಾಸ 38 ಅಲ್ಲ, 26.9 ಮಿ.ಮೀ. ಉಂಗುರದೊಳಗೆ ಇನ್ನೊಂದು ಸಣ್ಣ ಬಳೆ ಇಟ್ಟಂತೆ ಕಾಣುತ್ತದೆ.

ಕೈಯ ತಪ್ಪೇನೂ ಇಲ್ಲ. ಟೂಲ್ ಕರ್ಸರಿನ ಎರಡು ಜಾಗಗಳನ್ನು ವೃತ್ತದ ಅಂಚಿನ ಬಿಂದುಗಳೆಂದು ಓದಲಿಲ್ಲ. ವೃತ್ತವನ್ನು ಸುತ್ತುವರಿದ, ಕಣ್ಣಿಗೆ ಕಾಣದ ಚೌಕದ ಎದುರುಬದುರು ಮೂಲೆಗಳೆಂದು ಓದಿತು. ಒತ್ತಿದ ಜಾಗದಿಂದ ಬಿಟ್ಟ ಜಾಗದವರೆಗಿನ 38 ಮಿ.ಮೀ. ಆ ಚೌಕದ ಕರ್ಣವಾಯಿತು. ಅದನ್ನು 1.414ರಿಂದ ಭಾಗಿಸಿದರೆ ಚೌಕದ ಬದಿ 26.9.

ಹಾಗಾದರೆ ಮೂಲೆಯಿಂದಲೇ ಎಳೆಯೋಣ ಎಂದರೆ, ಆ ಮೂಲೆ ಎಲ್ಲಿದೆ? ಕೇಂದ್ರದಿಂದ 26.9 ಮಿ.ಮೀ. ದೂರದಲ್ಲಿ, ಉಂಗುರದ ಅಂಚಿನಿಂದ 7.9 ಮಿ.ಮೀ. ಆಚೆ, ಬರೀ ಖಾಲಿ ಕಾಗದದ ಮೇಲೆ. ಅಲ್ಲಿ ಒಂದು ಚುಕ್ಕೆ ಶಾಯಿಯೂ ಇಲ್ಲ. ಬಳಕೆದಾರ ನೋಡುತ್ತಿರುವುದು ಉಂಗುರವನ್ನು, ಟೂಲ್ ಕೇಳುತ್ತಿರುವುದು ಗಾಳಿಯಲ್ಲಿರುವ ಒಂದು ಬಿಂದುವನ್ನು. ಇಡೀ ಪ್ರಕರಣದ ಬೇರು ಇಲ್ಲಿದೆ.

ಈ ಪದ್ಧತಿ ಎಲ್ಲಿಂದ ಬಂತು ಎಂದು ನೋಡಿದರೆ ಕಾರಣ ಅರ್ಥವಾಗುತ್ತದೆ. 1984ರ ಮ್ಯಾಕಿಂಟಾಷ್‌ನ ಕ್ವಿಕ್‌ಡ್ರಾದಲ್ಲಿ (ಪರದೆಯ ಮೇಲೆ ಚಿತ್ರ ಬಿಡಿಸುವ ಅದರ ಒಳ ತಂತ್ರಾಂಶ) ದುಂಡು ಆಕೃತಿ ಬಿಡಿಸುವ ಆಜ್ಞೆಗೆ ಕೊಡಬೇಕಿದ್ದದ್ದು ಒಂದು ಆಯತ. ಅದರೊಳಗೆ ಹಿಡಿಸುವ ದೀರ್ಘವೃತ್ತವನ್ನು ಅದು ಬಿಡಿಸುತ್ತಿತ್ತು. ಆಯತ, ದುಂಡು ಮೂಲೆಯ ಆಯತ, ದೀರ್ಘವೃತ್ತ ಮೂರಕ್ಕೂ ಒಂದೇ ರೀತಿಯ ಎಳೆತ ಸಾಕು, ಕಲಿಯುವವರಿಗೂ ಸುಲಭ. ಆದರೆ ಅದಕ್ಕೂ ಹಿಂದೆ, 1963ರಲ್ಲಿ, ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಕಟ್ಟಿದ ಸ್ಕೆಚ್‌ಪ್ಯಾಡ್‌ನಲ್ಲಿ (ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಪ್ರೋಗ್ರಾಮ್) ಮೊದಲು ಲೈಟ್ ಪೆನ್ನಿನಿಂದ, ಅಂದರೆ ಪರದೆಗೇ ಹಿಡಿಯುವ ಪೆನ್ನಿನಿಂದ, ಕೇಂದ್ರ ತೋರಿಸಿ, ಆಮೇಲೆ ಪರಿಧಿಯ ಮೇಲಿನ ಬಿಂದು ತೋರಿಸಬೇಕಿತ್ತು. ಅಲ್ಲಿ ಪೆನ್ನು ಇದ್ದಲ್ಲಿಯೇ ಅಂಚು. ಇವತ್ತಿನ ಎಸ್‌ವಿಜಿ (ಇಂಕ್‌ಸ್ಕೇಪ್ ಉಳಿಸುವ ಬಗೆಯ) ಕಡತವೂ ವೃತ್ತವನ್ನು ಕೇಂದ್ರ ಮತ್ತು ತ್ರಿಜ್ಯವಾಗಿಯೇ ಬರೆದಿಡುತ್ತದೆ. ಚೌಕಟ್ಟಿನ ಮೂಲೆ ಉಳಿದುಕೊಂಡಿರುವುದು ಎಳೆಯುವ ಕೈಯ ರೂಢಿಯಲ್ಲಿ.

ಕೀಲಿ ಬದಲಿಸಿ ನೋಡಿದಾಗ

ಇಂಕ್‌ಸ್ಕೇಪ್‌ನಲ್ಲಿ ಶಿಫ್ಟ್ ಹಿಡಿದು ಎಳೆದರೆ ಒತ್ತಿದ ಜಾಗವೇ ಕೇಂದ್ರವಾಗುತ್ತದೆ. ಲಾಂಛನದ ನಡುವೆ ದೀಪವೋ ಚಕ್ರವೋ ಇದ್ದು, ಅದಕ್ಕೊಂದು ಸ್ಪಷ್ಟ ನಡುಚುಕ್ಕೆ ಇದ್ದರೆ ಇದು ಒಳ್ಳೆಯ ದಾರಿ. ನಮ್ಮ ಲಾಂಛನದ ನಡುವೆ ಇರುವುದು ತೆರೆದ ಪುಸ್ತಕ. ಅದರ ಮಧ್ಯ ವೃತ್ತದ ಮಧ್ಯವಲ್ಲ. ಕೇಂದ್ರವನ್ನು ಕಣ್ಣಳತೆಯಲ್ಲಿ ಊಹಿಸಬೇಕಾಗುತ್ತದೆ, ಊಹೆ ತಪ್ಪಿದಷ್ಟೂ ವೃತ್ತ ಅತ್ತ ಸರಿಯುತ್ತದೆ.

ಕಂಟ್ರೋಲ್ ಕೀಲಿಯಲ್ಲಿ ಇನ್ನೊಂದು ಎಡವು ಇದೆ. ಅದು ಕೇವಲ ವೃತ್ತ ಕೊಡುವುದಿಲ್ಲ. ಕರ್ಸರ್ ಅಡ್ಡಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಹೋಗಿದೆ ಎಂದು ನೋಡಿ 1:1, 1:2, 1:3 ಹೀಗೆ ಹತ್ತಿರದ ಪೂರ್ಣಾಂಕ ಅನುಪಾತಕ್ಕೆ, ಇಲ್ಲವೇ ಸುವರ್ಣ ಅನುಪಾತಕ್ಕೆ ಅಂಟಿಸುತ್ತದೆ. ಕರ್ಸರ್ ಓರೆಗೆರೆಯಿಂದ ದೂರ ಸರಿದಿದ್ದರೆ ವೃತ್ತದ ಬದಲು ಮೊಟ್ಟೆ ಬರುತ್ತದೆ. ಬೇರೆ ಸಾಫ್ಟ್‌ವೇರಿನಿಂದ ಬಂದವರಿಗೆ ಗೊಂದಲ ಹೆಚ್ಚು. ಇಲಸ್ಟ್ರೇಟರ್, ಫಿಗ್ಮಾಗಳಲ್ಲಿ ಸಮ ಆಕೃತಿಗೆ ಶಿಫ್ಟ್, ಕೇಂದ್ರದಿಂದ ಎಳೆಯಲು ಆಲ್ಟ್. ಗಿಂಪ್‌ನ ದುಂಡು ಆಯ್ಕೆಯಲ್ಲಿ ಶಿಫ್ಟನ್ನು ಮೌಸ್ ಒತ್ತುವ ಮೊದಲೇ ಹಿಡಿದರೆ ಹಳೆಯ ಆಯ್ಕೆಗೆ ಹೊಸದು ಸೇರುತ್ತದೆ, ಒತ್ತಿದ ಮೇಲೆ ಹಿಡಿದರೆ ಅನುಪಾತ ಬಿಗಿಯಾಗುತ್ತದೆ.

ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಹಿಡಿದರೆ ಇಂಕ್‌ಸ್ಕೇಪ್ ಒತ್ತಿದ ಜಾಗದಿಂದ ಕರ್ಸರಿನವರೆಗಿನ ಗೆರೆಯನ್ನೇ ವ್ಯಾಸವಾಗಿ ತೆಗೆದುಕೊಳ್ಳುತ್ತದೆ. ಮೊದಲ ಎಳೆತದಲ್ಲಿ ಕೈ ಬಯಸಿದ್ದು ಇದನ್ನೇ. ಕರ್ಸರ್ ಈಗ ಅಂಚಿನ ಮೇಲೆ ಇದೆ. (ಆಲ್ಟ್ ಒಂದನ್ನೇ ಹಿಡಿದರೆ ದೀರ್ಘವೃತ್ತ ಕರ್ಸರಿನ ಮೂಲಕ ಹಾದುಹೋಗುತ್ತದೆ. ಆದರೆ ಎಕ್ಸ್‌ಎಫ್‌ಸಿಇ ಅಂಥ ಕೆಲವು ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಆಲ್ಟ್ ಹಿಡಿದು ಎಳೆದರೆ ಆಕೃತಿಯ ಬದಲು ಇಡೀ ಕಿಟಕಿ ಸರಿಯುತ್ತದೆ. ಕಿಟಕಿ ನಿರ್ವಾಹಕದ ಸೆಟ್ಟಿಂಗ್‌ನಲ್ಲಿ ಆ ಕೀಲಿಯನ್ನು ಬದಲಿಸಬೇಕು.)

ವ್ಯಾಸದ ಪದ್ಧತಿ ಸರಿ ಎನ್ನಿಸಿದರೂ ಅದರಲ್ಲಿ ಮೋಸವಿದೆ. ಒಂದು ತುದಿ ಸರಿಯಾಗಿ ಇಟ್ಟಿರಿ ಎನ್ನಿ. ಇನ್ನೊಂದು ತುದಿ ನೇರ ಎದುರಿಗೆ ಇರಬೇಕಾದದ್ದು ಅಂಚಿನ ಗುಂಟ 2 ಮಿ.ಮೀ. ಪಕ್ಕಕ್ಕೆ ಜಾರಿತು. ಆಗ ವ್ಯಾಸ ಕಡಿಮೆಯಾಗುವುದು ಕೇವಲ 0.05 ಮಿ.ಮೀ. ಅಳತೆ ಪಟ್ಟಿಯಲ್ಲಿ ನೋಡಿದರೆ 38ಕ್ಕೆ 37.95, ಎಲ್ಲ ಸರಿ. ಕೇಂದ್ರ ಮಾತ್ರ 1 ಮಿ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಬ್ಯಾನರ್ ಮೇಲೆ ಅದು 20 ಮಿ.ಮೀ. ಸಂಖ್ಯೆ ಸರಿಯಿದ್ದೂ ಚಿತ್ರ ತಪ್ಪಾಗುವ ಈ ಬಗೆ ಬಹಳ ಕೆಟ್ಟದ್ದು, ಯಾಕೆಂದರೆ ಪರೀಕ್ಷೆ ಮಾಡಿದವರಿಗೂ ಸಿಗುವುದಿಲ್ಲ.

2 ಮಿ.ಮೀ. ಜಾರುವುದು ಅಷ್ಟು ಸುಲಭವೇ? ಸುಲಭ. ವೃತ್ತದ ನೆತ್ತಿಯ ಬಿಂದು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. 19 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ನೆತ್ತಿಯಿಂದ 2 ಮಿ.ಮೀ. ಪಕ್ಕಕ್ಕೆ ಹೋದರೂ ಅಂಚು ಕೆಳಗಿಳಿಯುವುದು 0.1 ಮಿ.ಮೀ. ಮಾತ್ರ. 300 ಡಿಪಿಐ ಸ್ಕ್ಯಾನಿನಲ್ಲಿ ಅದು ಒಂದು ಪಿಕ್ಸೆಲ್‌ಗಿಂತ ತುಸು ಹೆಚ್ಚು. ಎಡಕ್ಕೆ 2, ಬಲಕ್ಕೆ 2, ಒಟ್ಟು 4 ಮಿ.ಮೀ. ಉದ್ದಕ್ಕೂ ಅಂಚು ಚಪ್ಪಟೆಯಾಗಿಯೇ ಕಾಣುತ್ತದೆ.

ಇದನ್ನೇ ತಿರುಗಿಸಿ ನೋಡಿದರೆ ದಾರಿ ಸಿಗುತ್ತದೆ. ಅಂಚು *ಎಲ್ಲಿ* ಮುಟ್ಟಿತು ಎಂದು ಕಣ್ಣು ಹೇಳಲಾರದು. ಅಂಚು *ಎಷ್ಟು ಎತ್ತರದಲ್ಲಿದೆ* ಎಂದು ಪಿಕ್ಸೆಲ್ ಲೆಕ್ಕದಲ್ಲಿ ಹೇಳಬಲ್ಲದು. ಕಣ್ಣು ಖಚಿತವಾಗಿ ಗುರುತಿಸಬಲ್ಲದ್ದನ್ನು ಮಾತ್ರ ಟೂಲ್ ಕರ್ಸರಿನ ಕೈಯಲ್ಲಿ ಕೇಳಬೇಕು. ಹೀಗೆ ಕೇಳುವ ಪದ್ಧತಿಗಳು ಎರಡು: ನಾಲ್ಕು ಗೈಡ್ (ರೂಲರಿನಿಂದ ಎಳೆದು ತರುವ ಸಹಾಯಕ ಗೆರೆ), ಇಲ್ಲವೇ ಅಂಚಿನ ಮೂರು ಬಿಂದು.

ಕೆಲಸ ಮಾಡಿದ ದಾರಿ

ಸ್ಕ್ಯಾನನ್ನು ಒಳತರುವಾಗ ಡಿಪಿಐ ಆಯ್ಕೆಯನ್ನು ಫೈಲಿನಿಂದಲೇ ತೆಗೆದುಕೊಳ್ಳುವಂತೆ ಇಡಬೇಕು. 96 ಡಿಪಿಐ ಎಂದು ಒಳಬಂದರೆ 449 ಪಿಕ್ಸೆಲ್ಲಿನ ಲಾಂಛನ 38ರ ಬದಲು ಸುಮಾರು 119 ಮಿ.ಮೀ. ಆಗಿ ಕೂರುತ್ತದೆ, ಮುಂದಿನ ಎಲ್ಲ ಲೆಕ್ಕ ಕೆಡುತ್ತದೆ. ಚಿತ್ರವನ್ನು ಬೇರೆ ಪದರದಲ್ಲಿಟ್ಟು, ಅರ್ಧ ಪಾರದರ್ಶಕ ಮಾಡಿ, ಪದರಕ್ಕೆ ಬೀಗ ಹಾಕಿ.

ಜೂಮ್ ಮೊದಲೇ ನಿರ್ಧರಿಸಬೇಕು. 100% ಜೂಮ್‌ನಲ್ಲಿ ಪರದೆಯ ಒಂದು ಪಿಕ್ಸೆಲ್ ಎಂದರೆ 0.26 ಮಿ.ಮೀ., ಬ್ಯಾನರ್ ಮೇಲೆ 5 ಮಿ.ಮೀ.ಗೂ ಹೆಚ್ಚು. ಎಷ್ಟೇ ನಿಧಾನವಾಗಿ ಕೈಯಾಡಿಸಿದರೂ ಅದಕ್ಕಿಂತ ಸೂಕ್ಷ್ಮವಾಗಿ ಮೌಸ್ ನಿಲ್ಲದು. 800%ನಲ್ಲಿ ಒಂದು ಪಿಕ್ಸೆಲ್ 0.033 ಮಿ.ಮೀ. ಆಗುತ್ತದೆ, ಆದರೆ ಲಾಂಛನ 1149 ಪಿಕ್ಸೆಲ್ ಆಗಿ 1080 ಎತ್ತರದ ಪರದೆಯಲ್ಲಿ ಹಿಡಿಸುವುದಿಲ್ಲ. ಹೀಗಾಗಿ ಗೈಡ್ ಇಡುವುದು 800%ನಲ್ಲಿ, ಒಂದೊಂದೇ ಬದಿಗೆ ಹೋಗಿ. ಎಳೆಯುವುದು 400%ನಲ್ಲಿ, ಇಡೀ ಉಂಗುರ ಕಣ್ಣ ಮುಂದಿರುವಾಗ.

ಎಡ ರೂಲರಿನಿಂದ ಎರಡು ಲಂಬ ಗೈಡ್, ಮೇಲಿನ ರೂಲರಿನಿಂದ ಎರಡು ಅಡ್ಡ ಗೈಡ್ ಎಳೆದು ತಂದು ಉಂಗುರದ ಹೊರ ಅಂಚಿಗೆ ನಾಲ್ಕೂ ಕಡೆ ತಾಗಿಸಿ. ಗೈಡ್ ಅಂಚನ್ನು ಎಲ್ಲಿ ತಾಗಿತು ಎಂಬ ಚಿಂತೆ ಬೇಡ, ಶಾಯಿಯ ಕೊನೆಯ ಪಿಕ್ಸೆಲ್ಲಿಗೆ ತಾಗಿತೋ ಇಲ್ಲವೋ ಅಷ್ಟು ನೋಡಿ. ಮಸುಕಾದ ಅಚ್ಚಿನಲ್ಲಿ ಅಂಚಿನ ಬೂದು ಪಿಕ್ಸೆಲ್‌ಗಳ ನಡುವನ್ನು ಹಿಡಿಯಿರಿ, ನಾಲ್ಕೂ ಕಡೆ ಒಂದೇ ರೀತಿ.

ಈಗ ಅಡ್ಡ ಅಂತರ 38.0, ಲಂಬ ಅಂತರ 37.7 ಮಿ.ಮೀ. ಬಂತು ಎನ್ನೋಣ. ಹಾಳೆ ಅಥವಾ ಸ್ಕ್ಯಾನರ್ ಚಿತ್ರವನ್ನು ಒಂದು ದಿಕ್ಕಿನಲ್ಲಿ ತುಸು ಅದುಮಿದೆ. ಇಲ್ಲಿ ಹಟಕ್ಕೆ ವೃತ್ತ ಹಾಕಬಾರದು. ಸ್ಕ್ಯಾನ್ ಇದ್ದಂತೆ ದೀರ್ಘವೃತ್ತವನ್ನೇ ಎಳೆದು, ಒಳಗಿನ ಪುಸ್ತಕ, ಅಕ್ಷರ ಎಲ್ಲ ಬಿಡಿಸಿ ಮುಗಿಸಿ, ಕೊನೆಗೆ ಇಡೀ ಗುಂಪನ್ನು ಲಂಬವಾಗಿ 100.8% ಹಿಗ್ಗಿಸಿದರೆ ಎಲ್ಲವೂ ಒಟ್ಟಿಗೆ ಸರಿಯಾಗುತ್ತದೆ. ಮೊದಲೇ ವೃತ್ತ ಹಾಕಿದರೆ ಉಂಗುರ ದುಂಡಗೆ, ಅಕ್ಷರ ಮಾತ್ರ ಅದುಮಿದಂತೆ ಉಳಿಯುತ್ತವೆ.

ಸ್ನ್ಯಾಪಿಂಗ್ ಹಾಕಿ, ಗೈಡ್‌ಗಳಿಗೆ ಅಂಟುವ ಆಯ್ಕೆ ಇದೆಯೇ ನೋಡಿ. ಸ್ಟ್ರೋಕ್ (ಅಂಚಿನ ಗೆರೆ) ತೆಗೆದು, ತಿಳಿಯಾದ ಫಿಲ್ (ಒಳ ಬಣ್ಣ) ಇಡಿ. ಎಡಮೇಲಿನ ಗೈಡ್ ಕೂಡಿನ (ಎರಡು ಗೈಡ್ ಸೇರುವ ಜಾಗದ) ಮೇಲೆ ಒತ್ತಿ, ಬಲಕೆಳಗಿನ ಕೂಡಿನವರೆಗೆ ಯಾವ ಕೀಲಿಯೂ ಇಲ್ಲದೆ ಎಳೆಯಿರಿ. ಗಾಳಿಯಲ್ಲಿದ್ದ ಮೂಲೆಗೆ ಈಗ ಗುರುತು ಇದೆ. ಚೌಕಟ್ಟಿನ ಪದ್ಧತಿಯೇ, ಆದರೆ ಕರ್ಸರ್ ಹಿಡಿಯುತ್ತಿರುವುದು ಕಣ್ಣು ಪರೀಕ್ಷಿಸಿದ ನಾಲ್ಕು ಅಂಚುಗಳನ್ನು. ಟೂಲ್ ಪಟ್ಟಿಯಲ್ಲಿ ಅಡ್ಡ ತ್ರಿಜ್ಯ 19.0, ಲಂಬ ತ್ರಿಜ್ಯ 18.85 ಕಾಣಬೇಕು.

ಸ್ಟ್ರೋಕ್ ಯಾಕೆ ತೆಗೆಯಬೇಕು? ಸ್ಟ್ರೋಕ್ ಗೆರೆಯ ಎರಡೂ ಬದಿಗೆ ಸಮವಾಗಿ ಹರಡುತ್ತದೆ. 1.2 ಮಿ.ಮೀ. ಸ್ಟ್ರೋಕ್ ಇಟ್ಟುಕೊಂಡೇ ಹೊರ ಅಂಚಿಗೆ ಎಳೆದರೆ ಶಾಯಿ 0.6 ಮಿ.ಮೀ. ಹೊರಗೆ ಚಾಚುತ್ತದೆ, ಬ್ಯಾನರ್ ಮೇಲೆ 12 ಮಿ.ಮೀ. ಆದ್ದರಿಂದ ಎಳೆದಾದ ಮೇಲೆ ಪಟ್ಟಿಯಲ್ಲಿ ಎರಡೂ ತ್ರಿಜ್ಯದಿಂದ 0.6 ಕಳೆದು 18.4 ಮತ್ತು 18.25 ಎಂದು ಬರೆಯಿರಿ. ಕೇಂದ್ರ ಅಲ್ಲಾಡುವುದಿಲ್ಲ. ಫಿಲ್ ತೆಗೆದು 1.2 ಸ್ಟ್ರೋಕ್ ಕೊಡಿ. ಉಂಗುರದ ಒಳ ಅಂಚೂ ಸ್ಕ್ಯಾನಿಗೆ ಕೂತರೆ ಲೆಕ್ಕ ಸರಿ. 20 ಪಟ್ಟು ದೊಡ್ಡದು ಮಾಡುವಾಗ ಸ್ಟ್ರೋಕ್ ದಪ್ಪವೂ ಜೊತೆಗೆ ಹಿಗ್ಗುವ ಗುಂಡಿ ಒತ್ತಿರಬೇಕು. ಇಲ್ಲದಿದ್ದರೆ 24 ಮಿ.ಮೀ. ಇರಬೇಕಾದ ಉಂಗುರ 1.2 ಮಿ.ಮೀ. ದಾರದಂತೆ ಅಚ್ಚಾಗುತ್ತದೆ.

ಲಾಂಛನದ ಒಂದು ಪಕ್ಕ ಹರಿದುಹೋಗಿದ್ದರೆ ನಾಲ್ಕು ಗೈಡ್ ಸಾಧ್ಯವಿಲ್ಲ. ಆಗ ಮೂರು ಬಿಂದು. ಆಟೋಕ್ಯಾಡ್‌ನ ವೃತ್ತದ ಆಜ್ಞೆಯಲ್ಲಿ ಮೂರು ಬಿಂದುಗಳ ಆಯ್ಕೆ ನೇರವಾಗಿಯೇ ಇದೆ. ಇಂಕ್‌ಸ್ಕೇಪ್‌ನಲ್ಲಿ ಪೆನ್ ಟೂಲಿನಿಂದ ಅಂಚಿನ ಮೂರು ಕಡೆ ಕ್ಲಿಕ್ ಮಾಡಿ ಒಂದು ಗೆರೆ ಹಾಕಿ, ಅದಕ್ಕೆ ಪಾತ್ ಎಫೆಕ್ಟ್‌ಗಳಲ್ಲಿರುವ ಮೂರು ಬಿಂದುಗಳ ವೃತ್ತವನ್ನು ಹಚ್ಚಬೇಕು. ಅದುಮಿದ ಸ್ಕ್ಯಾನಿಗೆ ಐದು ಬಿಂದುಗಳ ದೀರ್ಘವೃತ್ತವೂ ಅಲ್ಲೇ ಇದೆ. ಇಲ್ಲಿ ಬಿಂದು ಅಂಚಿನ ಗುಂಟ ಜಾರಿದರೆ ಏನೂ ಕೆಡುವುದಿಲ್ಲ, ಅಂಚಿನ ಮೇಲೆ ಇದ್ದರೆ ಸಾಕು. ಆದರೆ ಮೂರೂ ಬಿಂದುಗಳನ್ನು ಒತ್ತೊತ್ತಾಗಿ ಇಡಬಾರದು. ಪಕ್ಕಪಕ್ಕದ ಬಿಂದುಗಳ ನಡುವೆ 30 ಡಿಗ್ರಿ ಇದ್ದು ನಡುವಿನ ಬಿಂದು 0.1 ಮಿ.ಮೀ. ತಪ್ಪಿದರೆ ತ್ರಿಜ್ಯ 0.65 ಮಿ.ಮೀ. ತಪ್ಪುತ್ತದೆ, ಬ್ಯಾನರ್ ಮೇಲೆ 13 ಮಿ.ಮೀ. ಅದೇ ತಪ್ಪು 120 ಡಿಗ್ರಿ ಅಂತರದಲ್ಲಿ ಆದರೆ ತ್ರಿಜ್ಯ ತಪ್ಪುವುದು 0.033 ಮಿ.ಮೀ., ಬ್ಯಾನರ್ ಮೇಲೆ ಒಂದು ಮಿ.ಮೀ. ಕೂಡ ಇಲ್ಲ. ಉಳಿದಿರುವ ಅಂಚಿನಲ್ಲಿ ಎಷ್ಟು ದೂರ ದೂರ ಸಾಧ್ಯವೋ ಅಷ್ಟು ದೂರ ಇಡಿ.

ಟೂಲ್ ಮಾಡುವವರು ಗಮನಿಸಬೇಕಾದದ್ದು

ಗೈಡ್, ಕೂಡು, ಲೆಕ್ಕ ಇವೆಲ್ಲ ಬಳಕೆದಾರ ತಾನಾಗಿ ಹುಡುಕಿಕೊಂಡ ಊರುಗೋಲು. ಟೂಲ್ ತಾನೇ ನೆರವಾಗಬಹುದಾದ ಜಾಗಗಳು ಹಲವಿವೆ.

ಮುಖ್ಯವಾದದ್ದು ಸಮ ಆಕೃತಿಯ ಕೀಲಿ ಹಿಡಿದಾಗ ಅಳತೆಯನ್ನು ಯಾವುದು ನಿರ್ಧರಿಸಬೇಕು ಎಂಬುದು. ಕರ್ಸರ್ ಒತ್ತಿದ ಜಾಗದಿಂದ ಅಡ್ಡಕ್ಕೆ 200, ಕೆಳಕ್ಕೆ 120 ಪಿಕ್ಸೆಲ್ ಹೋಗಿದೆ ಎನ್ನಿ. ಚಿಕ್ಕದನ್ನು ತೆಗೆದುಕೊಂಡರೆ 120ರ ಚೌಕ ಬರುತ್ತದೆ, ಕರ್ಸರ್ ಅದರಿಂದ 80 ಪಿಕ್ಸೆಲ್ ಹೊರಗೆ ಒಂಟಿಯಾಗಿ ನಿಲ್ಲುತ್ತದೆ. ಸರಾಸರಿ ತೆಗೆದುಕೊಂಡರೆ 160ರ ಚೌಕ, ಆಗಲೂ ಕರ್ಸರ್ ಬಲ ಅಂಚಿನಿಂದ 40 ಪಿಕ್ಸೆಲ್ ಹೊರಗೆ. ದೊಡ್ಡದನ್ನು ತೆಗೆದುಕೊಂಡರೆ 200ರ ಚೌಕ, ಮೂಲೆ ಕರ್ಸರಿಗಿಂತ 80 ಕೆಳಗಿದ್ದರೂ ಕರ್ಸರ್ ಬಲ ಅಂಚಿನ ಮೇಲೆಯೇ ಇರುತ್ತದೆ. ಚೌಕಕ್ಕೆ ಈ ಕೊನೆಯದೇ ಸರಿ ಎಂಬುದು ನಮ್ಮ ನಿಲುವು. ಬಳಕೆದಾರ ಬಲ ಅಂಚನ್ನು ಒಂದು ಗೆರೆಗೆ ತಾಗಿಸಬೇಕೆಂದರೆ ಕರ್ಸರನ್ನು ಆ ಗೆರೆಗೆ ಒಯ್ದರೆ ಆಯಿತು.

ದೊಡ್ಡದನ್ನು ತೆಗೆದುಕೊಳ್ಳುವುದರಲ್ಲಿ ಒಂದು ಕೆಡುಕಿದೆ, ಅದನ್ನು ಬೇರೆಯಾಗಿ ಕಾಯಬೇಕು. ಕರ್ಸರ್ ಕೆಳಕ್ಕೆ 200, ಅಡ್ಡಕ್ಕೆ 3 ಪಿಕ್ಸೆಲ್ ಬಲಕ್ಕಿದ್ದಾಗ ಚೌಕ ಬಲಗಡೆ ನಿಂತಿರುತ್ತದೆ. ಕೈ ತುಸು ನಡುಗಿ 3 ಪಿಕ್ಸೆಲ್ ಎಡಕ್ಕೆ ಹೋದರೆ ಇಡೀ ಚೌಕ ಎಡಕ್ಕೆ ಮಗುಚುತ್ತದೆ. ಆರು ಪಿಕ್ಸೆಲ್ ಚಲನೆಗೆ ಮೂಲೆ 400 ಪಿಕ್ಸೆಲ್ ಹಾರುತ್ತದೆ. ಮಗುಚುವ ಮೊದಲು ಕರ್ಸರ್ ಆಚೆಬದಿಗೆ ಕನಿಷ್ಠ 8 ಪರದೆ ಪಿಕ್ಸೆಲ್ ದಾಟಲಿ ಎಂಬ ಬಿಗುವು ಇಟ್ಟರೆ ಈ ಮಿಣುಕು ನಿಲ್ಲುತ್ತದೆ. ಪರದೆ ಪಿಕ್ಸೆಲ್ ಎಂದು ಒತ್ತಿ ಹೇಳಬೇಕು. ಕಡತದ ಅಳತೆಯಲ್ಲಿ ಇಟ್ಟರೆ ಜೂಮ್ ಬದಲಾದಂತೆ ಬಿಗುವೂ ಬದಲಾಗುತ್ತದೆ.

ಕ್ಲಿಕ್ಕೋ ಎಳೆತವೋ ಎಂದು ತಿಳಿಯಲು ಟೂಲ್ ಕೆಲವು ಪಿಕ್ಸೆಲ್ ಕಾಯುತ್ತದೆ. ವಿಂಡೋಸ್‌ನಲ್ಲಿ ರೂಢಿ 4 ಪಿಕ್ಸೆಲ್, ಸಾಫ್ಟ್‌ವೇರ್ ಕಟ್ಟಲು ಬಳಸುವ ಕ್ಯೂಟಿ ಎಂಬ ಸಲಕರಣೆಯ ಮೂಲ ಬೆಲೆ 10. ಕಾಯುವುದು ಸರಿ. ಆದರೆ ಆ ಮಿತಿ ದಾಟಿದ ಜಾಗವನ್ನು ಆಕೃತಿಯ ಆರಂಭವೆಂದು ಹಿಡಿಯುವುದು ತಪ್ಪು. 100% ಜೂಮ್‌ನಲ್ಲಿ 4 ಪಿಕ್ಸೆಲ್ ಎಂದರೆ 1 ಮಿ.ಮೀ.ಗಿಂತ ಹೆಚ್ಚು, ನಮ್ಮ ಬ್ಯಾನರಿನಲ್ಲಿ 21 ಮಿ.ಮೀ. ಮೊದಲು ಒತ್ತಿದ ಬಿಂದುವನ್ನೇ ನೆನಪಿಟ್ಟುಕೊಂಡು, ಎಳೆತ ಖಚಿತವಾದ ಮೇಲೆ ಅಲ್ಲಿಂದಲೇ ಆಕೃತಿ ಶುರುವಾಗಬೇಕು.

ಎಳೆಯುತ್ತಿರುವಾಗ ಶಿಫ್ಟ್ ಒತ್ತಿದರೂ ಮೌಸ್ ಅಲ್ಲಾಡುವವರೆಗೆ ಆಕೃತಿ ಬದಲಾಗದೆ ಇರುವುದು ಸಾಮಾನ್ಯ ದೋಷ. ಟೂಲ್ ಮೌಸ್ ಚಲನೆಗೆ ಮಾತ್ರ ಲೆಕ್ಕ ಹಾಕುತ್ತಿರುತ್ತದೆ, ಕೀಲಿಗೆ ಹಾಕುವುದಿಲ್ಲ. ಕರ್ಸರಿನ ಕೊನೆಯ ಜಾಗವನ್ನು ಇಟ್ಟುಕೊಂಡು, ಕೀಲಿ ಒತ್ತಿದಾಗ ಮತ್ತು ಬಿಟ್ಟಾಗ ಅದೇ ಜಾಗಕ್ಕೆ ಮತ್ತೆ ಲೆಕ್ಕ ಹಾಕಬೇಕು. ಎಳೆತದ ನಡುವೆ ಸ್ಪೇಸ್ ಹಿಡಿದು ಆಕೃತಿಯನ್ನೇ ಸರಿಸುವ ಸೌಲಭ್ಯ ಇಲಸ್ಟ್ರೇಟರ್, ಫೋಟೋಶಾಪ್, ಫಿಗ್ಮಾಗಳಲ್ಲಿದೆ. ಆರಂಭದ ಬಿಂದುವೂ ಕರ್ಸರೂ ಒಂದೇ ಅಂತರದಲ್ಲಿ ಒಟ್ಟಿಗೆ ಸರಿಯುತ್ತವೆ, ಅಳತೆ ಹಾಗೇ ಇರುತ್ತದೆ. ಮೂಲೆಯನ್ನು ಊಹಿಸಿ ಒತ್ತಿದವರಿಗೆ ಇದು ದೊಡ್ಡ ಉಪಕಾರ: ಎಡ ಮತ್ತು ಮೇಲಿನ ಅಂಚನ್ನು ಸ್ಪೇಸ್ ಹಿಡಿದು ಕೂರಿಸಿ, ಸ್ಪೇಸ್ ಬಿಟ್ಟು ಉಳಿದೆರಡನ್ನು ಎಳೆದು ಮುಟ್ಟಿಸಬಹುದು.

ಬ್ರೌಸರಿನಲ್ಲಿ ನಡೆಯುವ ಟೂಲ್‌ಗಳಲ್ಲಿ ಕರ್ಸರ್ ಕಿಟಕಿಯ ಹೊರಗೆ ಹೋದಾಗ ಮೌಸ್ ಬಿಟ್ಟ ಸುದ್ದಿಯೇ ಬರದೆ, ಒಳಗೆ ವಾಪಸು ಬಂದಾಗ ಗುಂಡಿ ಒತ್ತದೆಯೂ ಆಕೃತಿ ಹಿಗ್ಗುತ್ತಲೇ ಇರುತ್ತದೆ. ಒತ್ತಿದ ಕ್ಷಣವೇ ಪಾಯಿಂಟರನ್ನು ಆ ಕ್ಯಾನ್ವಾಸಿಗೆ ಕಟ್ಟಿಹಾಕಿದರೆ ಇದು ತಪ್ಪುತ್ತದೆ. ಎಸ್ಕೇಪ್ ಒತ್ತಿದರೆ ಅರ್ಧ ಎಳೆದದ್ದು ಗುರುತಿಲ್ಲದೆ ಹೋಗಬೇಕು.

ಬಿಡುವ ಕ್ಷಣವೂ ನಾಜೂಕಿನದು. ಹಲವರು ಮೌಸಿಗಿಂತ ಮೊದಲೇ ಕೀಲಿ ಬಿಡುತ್ತಾರೆ, ವೃತ್ತ ಕಣ್ಣೆದುರೇ ಮೊಟ್ಟೆಯಾಗಿ ಕೂರುತ್ತದೆ. ಕೀಲಿ ಬಿಟ್ಟ ಮೇಲೆ ಕರ್ಸರ್ ಅಲ್ಲಾಡದೆಯೇ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಮೌಸನ್ನೂ ಬಿಟ್ಟರೆ ಹಿಂದಿನ ಬಿಗಿಯನ್ನೇ ಉಳಿಸಿಕೊಳ್ಳುವುದು ಒಳ್ಳೆಯದು. ಟ್ಯಾಬ್ಲೆಟ್ ಪೆನ್ನಿನಲ್ಲಿ ತುದಿ ಎತ್ತುವಾಗಲೇ ಅದು ಒಂದೆರಡು ಪಿಕ್ಸೆಲ್ ಜಾರುತ್ತದೆ. ಒತ್ತಡ ಇಳಿಯತೊಡಗುವ ಮೊದಲಿನ ಬಿಂದುವನ್ನು ಕೊನೆಯ ಬಿಂದುವಾಗಿ ಹಿಡಿದರೆ, ಬಳಕೆದಾರ ಪೆನ್ನು ಎತ್ತುವ ಮುನ್ನ ಪರದೆಯ ಮೇಲೆ ಕಂಡು ಒಪ್ಪಿದ ಅಂಚೇ ಕಡತದಲ್ಲೂ ಉಳಿಯುತ್ತದೆ.